ಜಗಲಿಯ ಮಣೆಯೂ ಮಾತಿನ ಯಂತ್ರವೂ

ಪಗಡೆಯಲ್ಲಿ ಸೋತವನಿಗೆ ಒಂದು ಸಮಾಧಾನವುಂಟು. ದಾಳ ಬೀಳಲಿಲ್ಲವೆಂದು ಹೇಳಿ ತಲೆಯೆತ್ತಿಕೊಂಡೇ ಅವನು ಎದ್ದು ಹೋಗಬಹುದು. ಇಸ್ಪೀಟಿನಲ್ಲಿ ಸೋತವನು ಎಲೆ ಬರಲಿಲ್ಲವೆನ್ನುತ್ತಾನೆ. ಚದುರಂಗದಲ್ಲಿ ಸೋತವನಿಗೆ ಮಾತ್ರ ದೂರುವುದಕ್ಕೆ ಏನೂ ಉಳಿಯುವುದಿಲ್ಲ. ಇಬ್ಬರಿಗೂ ಹದಿನಾರು ಹದಿನಾರು ಕಾಯಿ; ಇಬ್ಬರಿಗೂ ಅದೇ ಅರುವತ್ತುನಾಲ್ಕು ಮನೆ; ಮುಚ್ಚುಮರೆಯಿಲ್ಲದೆ ಎಲ್ಲವೂ ಕಣ್ಣೆದುರಿಗೇ ಇರುತ್ತದೆ. ಅಲ್ಲಿ ಸೋಲೆಂದರೆ ಬುದ್ಧಿಯ ಸೋಲು. ಅದನ್ನು ಒಪ್ಪಿಕೊಳ್ಳುವುದು ಎಂಥವನಿಗಾದರೂ ಕಷ್ಟ. ಆದುದರಿಂದ ಚದುರಂಗದಲ್ಲಿ ಸೋತವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಕೊನೆಗೆ ತನಗೆ ಆಟ ಕಲಿಸಿದವನು ಯಾರೆಂಬುದನ್ನು ನೆನೆಯುತ್ತಾನೆ.

ಹೊಳೆನರಸೀಪುರದಲ್ಲಿ ಹೇಮಾವತಿಗೆ ಹತ್ತಿರದ ಒಂದು ಬೀದಿಯಲ್ಲಿ ವಾಸವಾಗಿರುವ ನಿವೃತ್ತ ಗಣಿತದ ಮೇಷ್ಟರೊಬ್ಬರು ತಮ್ಮ ಎಪ್ಪತ್ತಾರನೆಯ ವಯಸ್ಸಿನಲ್ಲಿ ಹೀಗೆ ನೆನೆಯಲ್ಪಟ್ಟರು. ನೆನೆದವಳು ಹಾಸನದಲ್ಲಿರುವ ಮಗಳ ಮಗಳು, ಹದಿಮೂರು ವರ್ಷದ ಹುಡುಗಿ. ಅವಳು ಬಾಯಿಬಿಟ್ಟು ಏನನ್ನೂ ಹೇಳಲಿಲ್ಲ. ಭಾನುವಾರಗಳಲ್ಲಿ ತಾತನ ಮನೆಗೆ ಬರುವುದನ್ನು ನಿಲ್ಲಿಸಿದಳು, ಅಷ್ಟೆ.

ಮೇಷ್ಟರು ಚದುರಂಗವನ್ನು ಕಲಿತದ್ದು ಅರಕಲಗೂಡಿನಲ್ಲಿ, ತಮ್ಮ ತಾತನ ಮನೆಯ ಜಗಲಿಯ ಮೇಲೆ. ಆ ಕಾಲಕ್ಕೆ ಅಂಗಡಿಯಿಂದ ತಂದ ಮಣೆ ಅಲ್ಲಿರಲಿಲ್ಲ. ಜಗಲಿಯ ಚಪ್ಪಡಿಯ ಮೇಲೆ ಸೀಮೆಸುಣ್ಣದಿಂದ ಎಳೆದ ಚೌಕಗಳು. ಬಡಗಿ ಕಡೆದುಕೊಟ್ಟ ಕಾಯಿಗಳು. ಒಂದು ಆನೆ ಕಳೆದುಹೋಗಿದ್ದುದರಿಂದ ಅದರ ಸ್ಥಾನದಲ್ಲಿ ಒಂದು ಗೋಟಡಕೆ. ಅಂದಿನ ಆಟದ ಕ್ರಮವೂ ಬೇರೆ. ಕಾಲಾಳು ಮೊದಲನೆಯ ನಡೆಯಲ್ಲಿಯೂ ಒಂದೇ ಮನೆ ನಡೆಯಬೇಕು. ಇಂದು ಕ್ಯಾಸ್ಲಿಂಗ್ ಎಂದು ಕರೆಯುವ, ರಾಜನನ್ನು ಮೂಲೆಗೆ ಸರಿಸಿ ಆನೆಯನ್ನು ಅವನ ಪಕ್ಕಕ್ಕೆ ತಂದು ನಿಲ್ಲಿಸುವ ಪದ್ಧತಿ ಅಲ್ಲಿಲ್ಲ. ಅದಕ್ಕೆ ಬದಲಾಗಿ ರಾಜನಿಗೆ, ಅವನು ಇನ್ನೂ ಶಹಕ್ಕೆ ಸಿಕ್ಕದಿದ್ದರೆ, ಆಟದಲ್ಲಿ ಒಂದೇ ಒಂದು ಸಲ ಕುದುರೆಯಂತೆ ಹಾರುವ ಅಧಿಕಾರವುಂಟು. ಮುಂದೆ ಶಾಲೆಯ ಕೆಲಸಕ್ಕೆ ಸೇರಿದ ಮೇಲೆ ಮೇಷ್ಟರು ಸಹೋದ್ಯೋಗಿಗಳೊಡನೆ ಆಡುತ್ತ ಕಾಲಾಳಿನ ಎರಡು ಹೆಜ್ಜೆಯನ್ನೂ ಕ್ಯಾಸ್ಲಿಂಗನ್ನೂ ಕಲಿತುಕೊಂಡರು. ಆದರೆ ರಾಜನ ಹಾರಾಟವನ್ನು ಬಿಟ್ಟುಕೊಡಬೇಕೆಂದು ಅವರಿಗೆ ಯಾರೂ ಹೇಳಲಿಲ್ಲ. ಅವರ ಎದುರು ಕುಳಿತವರೂ ಅಂಥ ಜಗಲಿಗಳಿಂದಲೇ ಬಂದವರಾಗಿದ್ದರು.

ಈ ಆಟ ಕನ್ನಡನಾಡಿಗೆ ಹೊಸದೇನೂ ಅಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜರ ವಿನೋದಗಳ ನಡುವೆ ಚದುರಂಗಕ್ಕೂ ಸ್ಥಾನವುಂಟು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಈ ಮಣೆಯಲ್ಲಿ ಮುಳುಗಿದವರು. 1831ರಲ್ಲಿ ಆಡಳಿತ ಇಂಗ್ಲಿಷರ ಕೈಸೇರಿದ ಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ ಅವರಿಗೆ ವಿರಾಮ ಬೇಕಾದಷ್ಟಿತ್ತು. ಒಂದು ಕುದುರೆ ಅರುವತ್ತುನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ದಾರಿಗಳನ್ನು ಅವರು ಬಗೆಬಗೆಯಾಗಿ ಹೆಣೆದರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಕೌತುಕನಿಧಿಯೆಂಬ ಭಾಗ ಆಟಗಳಿಗೇ ಮೀಸಲು. ರಾಜ್ಯವನ್ನು ಆಳಲಾಗದ ದೊರೆ ಮಣೆಯನ್ನು ಆಳಿದನೆಂದು ಮೇಷ್ಟರು ಆಗಾಗ್ಗೆ ಹೇಳುತ್ತಿದ್ದುದುಂಟು. ಮೊಮ್ಮಗಳಿಗೆ ಆಟದೊಡನೆ ಈ ಕಥೆಗಳನ್ನೂ ಅವರೇ ಕಲಿಸಿದ್ದರು.

2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನೆಂಟು ವರ್ಷದ ಗುಕೇಶ್ ಚೀನಾದ ಡಿಂಗ್ ಲಿರೆನ್‌ನನ್ನು ಸೋಲಿಸಿ ಜಗಜ್ಜೇತನಾದಾಗ, ಊರೂರಿನ ಮಕ್ಕಳಿಗೆ ಚದುರಂಗದ ಹುಚ್ಚು ಹಿಡಿಯಿತು. ಈ ಹುಡುಗಿಗೆ ಮೊದಲೇ ಹಿಡಿದಿದ್ದುದು ಈಗ ಇಮ್ಮಡಿಯಾಯಿತು. ಮರುವರ್ಷದ ಆರಂಭದಲ್ಲಿ ಚನ್ನರಾಯಪಟ್ಟಣದಲ್ಲಿ ಮಕ್ಕಳ ಪಂದ್ಯವೊಂದು ನಡೆಯುವುದೆಂದು ತಿಳಿದು ಅವಳು ಹೆಸರು ಕೊಟ್ಟಳು. ಮೇಷ್ಟರೂ ಜೊತೆಗೆ ಹೋದರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಇಬ್ಬರಿಗೂ ಅದೇ ಮಾತು.

ಮೊದಲ ಎರಡು ಆಟಗಳನ್ನು ಅವಳು ಗೆದ್ದಳು. ಮೂರನೆಯದರಲ್ಲಿ ಎದುರಾಳಿಯ ಮಂತ್ರಿಯೂ ಆನೆಯೂ ಅವಳ ರಾಜನ ಮನೆಯ ಕಡೆಗೆ ನುಗ್ಗತೊಡಗಿದವು. ಅವಳು ಗಾಬರಿಯಾಗಲಿಲ್ಲ. ಇಂಥ ಸಮಯಕ್ಕೆಂದೇ ತಾತ ಹೇಳಿಕೊಟ್ಟ ಉಪಾಯವೊಂದು ಅವಳಲ್ಲಿತ್ತು. ರಾಜನನ್ನು ಎತ್ತಿ, ಕುದುರೆಯಂತೆ ಹಾರಿಸಿ, ಗಡಿಯಾರವನ್ನು ಒತ್ತಿದಳು. ಎದುರಿಗಿದ್ದ ಹುಡುಗ ಕೈಯೆತ್ತಿದ. ತೀರ್ಪುಗಾರರು ಬಂದರು. ಅವರು ಅವಳನ್ನು ಗದರಿಸಲಿಲ್ಲ. ರಾಜನನ್ನು ಹಿಂದಿನ ಮನೆಯಲ್ಲಿರಿಸಿ, ಎದುರಾಳಿಯ ಗಡಿಯಾರಕ್ಕೆ ಎರಡು ನಿಮಿಷ ಸೇರಿಸಿ, ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂದು ಮೆಲ್ಲಗೆ ತಿಳಿಸಿದರು. ಮುಟ್ಟಿದ್ದು ರಾಜ. ಅವನಿಗೆ ಉಳಿದಿದ್ದುದು ಒಂದೇ ಮನೆ; ಆ ಮನೆಗೆ ಹೋದರೆ ಎರಡನೆಯ ನಡೆಗೆ ಮಾತ್. ಅಕ್ಕಪಕ್ಕದ ಮಣೆಗಳ ಮಕ್ಕಳು ತಿರುಗಿ ನೋಡಿದರು. ಒಬ್ಬ ನಕ್ಕನು.

ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದ ಮೇಷ್ಟರಿಗೆ ಅವಳು ಹೇಳಿದುದು ಇಷ್ಟೆ: “ರಾಜ ಹಾರೋ ಹಾಗಿಲ್ಲವಂತೆ ತಾತ.” ಮೇಷ್ಟರು “ಹಾಗೆಂದರೇನು? ಅದು ನಮ್ಮ ಕಾಲದಿಂದಲೂ ಇರುವ ಕ್ರಮ!” ಎಂದು ಸ್ವಲ್ಪ ಗಟ್ಟಿಯಾಗಿಯೇ ಅಂದರು. ಹಿಂದಿರುಗುವಾಗ ಬಸ್ಸಿನಲ್ಲಿ ಇಬ್ಬರೂ ಮಾತನಾಡಲಿಲ್ಲ. ಅವರು ಅಂದು ಆಡದೆ ಉಳಿಸಿದ ಮಾತೊಂದು ಎಂಟು ತಿಂಗಳ ಕಾಲ ಅವರ ಗಂಟಲಿನಲ್ಲಿಯೇ ಉಳಿಯಿತು.

ಹಾಸನದ ಮನೆಯಲ್ಲಿ ಹುಡುಗಿಗೆ ಬೇರೊಬ್ಬ ಗುರು ದೊರೆತನು. ಬೆಂಗಳೂರಿನಲ್ಲಾದರೆ ಹಣ ಕೊಟ್ಟರೆ ಮನೆಗೇ ಬಂದು ಕಲಿಸುವವರುಂಟು. ಮೈಸೂರು 2017ರಲ್ಲಿ ತೇಜಕುಮಾರರ ಮೂಲಕ ಕರ್ನಾಟಕಕ್ಕೆ ಮೊದಲನೆಯ ಗ್ರ್ಯಾಂಡ್‌ಮಾಸ್ಟರ್ ಪದವಿಯನ್ನು ತಂದುಕೊಟ್ಟ ಊರು. ಜಿಲ್ಲೆಯ ಊರಿನ ಸಾಧಾರಣ ಗೃಹಸ್ಥರಿಗೆ ಇವೆರಡೂ ದೂರ. ತಾಯಿಯ ಮೊಬೈಲಿನಲ್ಲಿ ಮಾತ್ರ, ಕೇಳಿದುದಕ್ಕೆಲ್ಲ ಉತ್ತರ ಹೇಳುವ, ಚಾಟ್‌ಬಾಟ್ ಎಂದು ಎಲ್ಲರೂ ಕರೆಯುವ ಮಾತಿನ ಯಂತ್ರವಿತ್ತು. 2022ರ ಕೊನೆಯಿಂದೀಚೆಗೆ ಇವು ಮನೆಮನೆಗೂ ಬಂದಿವೆ. ಇಂಗ್ಲಿಷಿನಲ್ಲಿ ಕೇಳಿದರೆ ಇಂಗ್ಲಿಷು, ಕನ್ನಡದಲ್ಲಿ ಕೇಳಿದರೆ ಕನ್ನಡ. ರಾತ್ರಿ ಹತ್ತು ಗಂಟೆಗೆ ಕೇಳಿದರೂ ಆಕಳಿಸುವುದಿಲ್ಲ; ಒಂದೇ ಪ್ರಶ್ನೆಯನ್ನು ನಾಲ್ಕು ಸಲ ಕೇಳಿದರೂ ಸಿಡುಕುವುದಿಲ್ಲ; ನಗುವುದಂತೂ ಇಲ್ಲವೇ ಇಲ್ಲ. ಚನ್ನರಾಯಪಟ್ಟಣದಿಂದ ಬಂದ ಹುಡುಗಿಗೆ ಈ ಕೊನೆಯ ಗುಣ ಬಹಳ ದೊಡ್ಡದಾಗಿ ಕಂಡಿತು.

ಅವಳು ಕಲಿಯಹೊರಟುದು ಓಪನಿಂಗುಗಳನ್ನು. ಆಟದ ಮೊದಲ ಹತ್ತು ಹದಿನೈದು ನಡೆಗಳಲ್ಲಿ ಕಾಯಿಗಳನ್ನು ಹೊರಕ್ಕೆ ತಂದು ನಿಲ್ಲಿಸುವ ವರಸೆಗಳಿಗೆ ಆ ಹೆಸರು. ಇವು ನೂರಾರಿವೆ; ಒಂದೊಂದಕ್ಕೂ ಒಂದೊಂದು ಹೆಸರು, ಒಂದೊಂದು ಚರಿತ್ರೆ. ಸ್ಪೇನಿನ ಪಾದ್ರಿ ರೂಯ್ ಲೋಪೆಸ್ ಎಂಬಾತ 1561ರಲ್ಲಿ ಪುಸ್ತಕ ಬರೆದು ತನ್ನ ಹೆಸರನ್ನೇ ಒಂದು ವರಸೆಗೆ ಉಳಿಸಿಹೋದನು. ಸಿಸಿಲಿ ದ್ವೀಪದ ಹೆಸರಿನದು ಒಂದು, ಫ್ರೆಂಚರ ಹೆಸರಿನದು ಇನ್ನೊಂದು. ಕಾರೋ, ಕಾನ್ ಎಂಬಿಬ್ಬರ ಹೆಸರನ್ನು ಜೋಡಿಸಿದುದು ಮತ್ತೊಂದು. ಬರಿಯ ನಡೆಗಳನ್ನು ಬಾಯಿಪಾಠ ಮಾಡಿದವನು ಎದುರಾಳಿ ಪುಸ್ತಕವನ್ನು ಬಿಟ್ಟು ಬೇರೆ ನಡೆ ಆಡಿದ ಕ್ಷಣವೇ ದಾರಿತಪ್ಪಿದ ಕುರಿಯಂತಾಗುತ್ತಾನೆ. ಏಕೆ ಆ ನಡೆ ಎಂಬುದು ತಿಳಿದಿರಬೇಕು. ಈ ‘ಏಕೆ’ ಎಂಬುದನ್ನು ಪುಸ್ತಕಗಳು ಜಿಪುಣತನದಿಂದ ಹೇಳುತ್ತವೆ. ಮಾತಿನ ಯಂತ್ರ ಧಾರಾಳವಾಗಿ ಹೇಳಿತು.

ಆ ಧಾರಾಳದಿಂದ ಅವಳಿಗೆ ಲಾಭವಾಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಫ್ರೆಂಚ್ ವರಸೆಯಲ್ಲಿ ಕಪ್ಪು ಪಕ್ಷದ ಒಂಟೆಯೊಂದು ತನ್ನದೇ ಕಾಲಾಳುಗಳ ಹಿಂದೆ ಸೆರೆಯಾಗುವುದೆಂದೂ, ಕಾರೋ-ಕಾನ್ ವರಸೆಯಲ್ಲಿ ಅದೇ ಒಂಟೆಗೆ ಬಾಗಿಲು ತೆರೆದಿರುವುದೆಂದೂ ಅದು ಎಷ್ಟು ಚೆನ್ನಾಗಿ ವಿವರಿಸಿತೆಂದರೆ, ಅವಳು ಅದನ್ನು ಶಾಲೆಯ ಗೆಳತಿಯರಿಗೆ ಪಾಠ ಹೇಳುವಷ್ಟಾದಳು. ನಡುವಣ ನಾಲ್ಕು ಮನೆಗಳನ್ನು ಹಿಡಿಯಬೇಕಾದುದೇಕೆ, ಮಂತ್ರಿಯನ್ನು ಬೇಗನೆ ಹೊರಗೆ ತರಬಾರದೇಕೆ, ರಾಜನನ್ನು ಮೂಲೆಗೆ ಕಳುಹಿಸುವ ಆತುರವೇಕೆ ಎಂಬುದೆಲ್ಲ ನಾಲ್ಕೈದು ತಿಂಗಳಲ್ಲಿ ಅವಳಿಗೆ ತಿಳಿಯಿತು.

ಆದರೆ ಈ ಯಂತ್ರದ ಸ್ವಭಾವವನ್ನು ಅವಳಿಗೆ ಯಾರೂ ತಿಳಿಸಿರಲಿಲ್ಲ. ಚದುರಂಗದ ಯಂತ್ರಗಳು ಎರಡು ಬಗೆ. 1997ರಲ್ಲಿ ಜಗಜ್ಜೇತನಾಗಿದ್ದ ಕಾಸ್ಪರೋವನನ್ನು ಸೋಲಿಸಿದ ಡೀಪ್ ಬ್ಲೂ, ಇಂದು ಯಾರು ಬೇಕಾದರೂ ಹಣವಿಲ್ಲದೆ ಬಳಸಬಹುದಾದ ಸ್ಟಾಕ್‌ಫಿಶ್, ಇವು ಲೆಕ್ಕಿಗರ ಜಾತಿಯವು. ಎದುರಿಗಿರುವ ಮಣೆಯಿಂದ ಮುಂದಕ್ಕೆ ಲಕ್ಷಾಂತರ ಸಾಧ್ಯತೆಗಳನ್ನು ಎಣಿಸಿ ಒಂದು ನಡೆಯನ್ನು ಹೇಳುತ್ತವೆ. ಏಕೆಂದು ಕೇಳಿದರೆ ಮಾತಿಲ್ಲ. ಮಾತಿನ ಯಂತ್ರ ಬೇರೆ ಜಾತಿ. ಲೋಕದಲ್ಲಿ ಬರೆದಿಟ್ಟ ಅಪಾರ ಬರಹವನ್ನು ಓದಿ, ಒಂದು ಮಾತಿನ ಹಿಂದೆ ಯಾವ ಮಾತು ಬರುವುದು ಸಹಜವೆಂಬುದನ್ನು ಕಲಿತು, ಅದರಂತೆ ಪದಕ್ಕೆ ಪದ ಪೋಣಿಸುತ್ತ ಹೋಗುತ್ತದೆ. ಚದುರಂಗದ ವಿಷಯವಾಗಿ ಜನ ಬರೆದುದು ಬಹಳ; ಆದುದರಿಂದ ಅದರ ಮಾತು ಬಹುಮಟ್ಟಿಗೆ ಸರಿಯಾಗಿಯೇ ಇರುತ್ತದೆ. ಆದರೆ ಮಾತನಾಡುವಾಗ ಅದರ ಮುಂದೆ ಮಣೆಯಿರುತ್ತದೆಂದು ನಂಬುವಂತಿಲ್ಲ. ಪ್ರಸಿದ್ಧವಾದ ದಾರಿಯಲ್ಲಿ ನಡೆಯುವಷ್ಟು ಕಾಲ ಅದು ಪಂಡಿತ. ದಾರಿ ಸ್ವಲ್ಪ ತಿರುಗಿತೆಂದರೆ ಇಲ್ಲದ ಕಾಯಿಯನ್ನು ನಡೆಸಿಬಿಡಬಲ್ಲದು. ಎರಡು ಸಂದರ್ಭಗಳಲ್ಲಿಯೂ ಅದರ ದನಿ ಒಂದೇ.

ಇದು ಅವಳಿಗೆ ತಿಳಿದದ್ದು ಅದೇ ವರ್ಷ ಮಳೆಗಾಲ ಮುಗಿದ ಮೇಲೆ ಹಾಸನದಲ್ಲಿಯೇ ನಡೆದ ಪಂದ್ಯದಲ್ಲಿ. ಅವಳದು ಕಪ್ಪು ಪಕ್ಷ. ಎರಡು ಪಕ್ಷವೂ ರಾಜನ ಕಾಲಾಳನ್ನು ಎರಡೆರಡು ಮನೆ ನಡೆಸಿದುವು, ಕುದುರೆಗಳು ಹೊರಬಂದುವು, ಬಿಳಿಯ ಒಂಟೆ ಕಪ್ಪು ರಾಜನ ಮಗ್ಗುಲ ಕಾಲಾಳಿನ ಕಡೆಗೆ ಗುರಿಯಿಟ್ಟು ಕುಳಿತಿತು. ನಾಲ್ಕನೆಯ ನಡೆಗೆ ಬಿಳಿಯ ಕುದುರೆ ಮುಂದಕ್ಕೆ ಹಾರಿ ಅದೇ ಕಾಲಾಳಿನ ಮೇಲೆ ಕಣ್ಣಿಟ್ಟಿತು. ಅವಳು ಕಲಿತಿದ್ದಂತೆ ನಡುವಣ ಕಾಲಾಳನ್ನು ಎರಡು ಮನೆ ತಳ್ಳಿ ಒಂಟೆಯ ದಾರಿಯನ್ನು ಕಟ್ಟಿದಳು. ಬಿಳಿಯು ಆ ಕಾಲಾಳನ್ನು ಹೊಡೆಯಿತು. ಇಲ್ಲಿ ಏನು ಮಾಡಬೇಕೆಂದು ಅವಳು ಹಿಂದಿನ ವಾರವಷ್ಟೆ ಯಂತ್ರವನ್ನು ಕೇಳಿದ್ದಳು. ಕುದುರೆಯಿಂದ ಆ ಕಾಲಾಳನ್ನು ಮರಳಿ ಹೊಡೆ. ಕಳೆದುದು ಬರುತ್ತದೆ, ಕುದುರೆಯೂ ನಡುಮನೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ ಎಂದು ಅದು ಹೇಳಿತ್ತು. ಕೇಳುವುದಕ್ಕೆ ಎಷ್ಟು ನ್ಯಾಯವಾದ ಮಾತು! ಅವಳು ಹೊಡೆದಳು.

ಎದುರಿಗಿದ್ದ ಹುಡುಗಿ ತನ್ನ ಕುದುರೆಯನ್ನೇ ಬಲಿಗೊಟ್ಟು ರಾಜನ ಮಗ್ಗುಲ ಕಾಲಾಳನ್ನು ಕಿತ್ತಳು. ಆ ಕುದುರೆ ಏಕಕಾಲಕ್ಕೆ ಮಂತ್ರಿಯನ್ನೂ ಆನೆಯನ್ನೂ ಹಿಡಿದಿತ್ತು. ರಾಜ ಅದನ್ನು ಹೊಡೆಯದೆ ಗತಿಯಿಲ್ಲ. ಹೊಡೆದ ಕೂಡಲೇ ಬಿಳಿಯ ಮಂತ್ರಿ ಬಂದು ಶಹ ಕೊಟ್ಟಿತು. ನಡುಮನೆಯ ಕುದುರೆಯನ್ನು ಉಳಿಸಬೇಕಾದರೆ ಕಪ್ಪು ರಾಜ ಕೋಟೆಯನ್ನು ಬಿಟ್ಟು ಮಣೆಯ ಮಧ್ಯಕ್ಕೆ ನಡೆದು ಬರಬೇಕು. ಬಂದನು. ಇಪ್ಪತ್ತನೆಯ ನಡೆಯೊಳಗೆ ಎಲ್ಲ ಮುಗಿಯಿತು. ಆಟದ ತರುವಾಯ ಎದುರಾಳಿ ಸ್ನೇಹದಿಂದ ಈ ದಾಳಿಯ ಹೆಸರನ್ನು ಹೇಳಿದಳು. ಅದು ಇಟಲಿಯವರು ನಾನೂರು ವರ್ಷದ ಹಿಂದಿನಿಂದ ಬಲ್ಲ ಬಲೆ. ‘ಹುರಿದ ಪಿತ್ತಜನಕಾಂಗ’ದ ಅರ್ಥದ ಹೆಸರು ಅದಕ್ಕುಂಟು. ಸಸ್ಯಾಹಾರಿಗಳ ಮನೆಯ ಹುಡುಗಿ ಆ ಹೆಸರನ್ನು ತಾಯಿಯ ಮುಂದೆ ಹೇಳುವುದಕ್ಕೂ ಹಿಂಜರಿದಳು.

ಅಂದು ರಾತ್ರಿ ಅವಳು ಯಂತ್ರವನ್ನು ವಿಚಾರಣೆಗೆ ನಿಲ್ಲಿಸಿದಳು. ನೀನು ಹೇಳಿದ ನಡೆಯಿಂದ ಸೋತೆನೆಂದಳು. “ಕ್ಷಮಿಸಿ, ನೀವು ಹೇಳಿದುದು ಸರಿ, ಆ ನಡೆ ಅಪಾಯಕರ” ಎಂದು ಅದು ತಕ್ಷಣ ಒಪ್ಪಿತು. ಅವಳಿಗೆ ಸಮಾಧಾನವಾಗಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಹೊಸದಾಗಿ ಮಾತು ಆರಂಭಿಸಿ, ಅದೇ ನಡೆಯನ್ನು ಮುಂದಿಟ್ಟು “ಇದು ಬಲವಾದ ನಡೆಯಲ್ಲವೇ?” ಎಂದು ಕೇಳಿದಳು. ಬಲವಾದುದೇ ಎಂದು ಅದು ಕಾರಣಗಳನ್ನು ಕೊಟ್ಟಿತು. “ದುರ್ಬಲವಲ್ಲವೇ?” ಎಂದಳು. ಹೌದು, ದುರ್ಬಲವೆಂದು ಬೇರೆ ಕಾರಣಗಳನ್ನು ಕೊಟ್ಟಿತು. ಮತ್ತೊಮ್ಮೆ, ಫ್ರೆಂಚ್ ವರಸೆಯಲ್ಲಿ ಸೆರೆಯಾದ ಆ ಒಂಟೆಯನ್ನು ಏನು ಮಾಡಲೆಂದು ಕೇಳಿದುದಕ್ಕೆ, ಮೂರನೆಯ ನಡೆಗೇ ಹೊರಕ್ಕೆ ತಂದು ನಿಲ್ಲಿಸೆಂದಿತು. ಅದರ ಕಾಲಾಳೇ ದಾರಿಗೆ ಅಡ್ಡವಾಗಿ ನಿಂತಿರುವಾಗ ಒಂಟೆ ಹೊರಕ್ಕೆ ಬರುವುದೆಂತು? ನೆರೆಯ ವರಸೆಯ ಮಾತನ್ನು ಅದು ಈ ವರಸೆಗೆ ತಂದು ಅಂಟಿಸಿತ್ತು. ಆ ಸೆರೆಯನ್ನು ಅಷ್ಟು ಸೊಗಸಾಗಿ ವಿವರಿಸಿದ್ದುದೂ ಇದೇ ಯಂತ್ರವೇ! ಅವಳು ತೋರಿಸಿಕೊಟ್ಟಳು. ಅದು ಮತ್ತೆ ಕ್ಷಮೆ ಕೇಳಿತು. ಆ ರಾತ್ರಿ ಅದು ಎಷ್ಟು ಸಲ ಕ್ಷಮೆ ಕೇಳಿತೋ ಲೆಕ್ಕವಿಲ್ಲ. ಅದರಿಂದ ಅದಕ್ಕೆ ಎಳ್ಳಷ್ಟೂ ನೋವಾದಂತೆ ಕಾಣಲಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಅವಳು ತಾನಾಗಿಯೇ ತಾಯಿಯೊಡನೆ ಮೈಸೂರಿನ ಕಡೆಯ ರೈಲು ಹತ್ತಿ ಹೊಳೆನರಸೀಪುರದಲ್ಲಿ ಇಳಿದಳು. ಮೇಷ್ಟರು ಬಾಗಿಲಲ್ಲಿ ನಿಂತಿದ್ದರು. ಚದುರಂಗದ ಮಣೆ ಅಟ್ಟ ಸೇರಿ ಎಂಟು ತಿಂಗಳಾಗಿತ್ತು. ಅಜ್ಜಿಯ ಕೈಯಲ್ಲಿ ಏಣಿ ಹಿಡಿಸಿ, ಮಗಳು ಬೇಡಬೇಡವೆಂದರೂ ತಾವೇ ಹತ್ತಿ ಅದನ್ನು ಇಳಿಸಿದರು. ಕಾಯಿಗಳ ಡಬ್ಬಿಯ ಕೆಳಗೆ ಒಂದು ಕಾಗದದ ಕಟ್ಟು ಇತ್ತು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯ ನಿಯಮಗಳನ್ನು ಅವರು ಪೇಟೆಯ ಅಂಗಡಿಯಲ್ಲಿ ಅಚ್ಚು ತೆಗೆಸಿಕೊಂಡು, ಪರೀಕ್ಷೆಗೆ ಓದುವ ಹುಡುಗನಂತೆ ಕೆಂಪು ಮಸಿಯಲ್ಲಿ ಗೆರೆ ಎಳೆದು ಓದಿದ್ದರು. ರಾಜನ ನಡೆಯ ವಾಕ್ಯದ ಕೆಳಗೆ ಎರಡು ಗೆರೆ.

ಹುಡುಗಿ ಅದನ್ನು ನೋಡಿದಳು. ಮೇಷ್ಟರು ಕಾಯಿಗಳನ್ನು ಜೋಡಿಸುತ್ತ, ತಲೆಯೆತ್ತದೆ, “ಚನ್ನರಾಯಪಟ್ಟಣದಲ್ಲಿ ಆದದ್ದು ನನ್ನ ತಪ್ಪು ಪುಟ್ಟಿ. ಗೊತ್ತಿಲ್ಲದ್ದನ್ನು ಗೊತ್ತಿದೆ ಅಂತ ಹೇಳಿಕೊಟ್ಟೆ. ಆಮೇಲೂ ಬಿಡದೆ ಸಾಧಿಸಿದೆ” ಎಂದರು. ನಾಲ್ವತ್ತು ವರ್ಷ ತರಗತಿಯ ಮುಂದೆ ನಿಂತವರಿಗೆ ಇಷ್ಟು ಮಾತು ಆಡುವುದು ಅಟ್ಟ ಹತ್ತುವುದಕ್ಕಿಂತ ಕಷ್ಟವಾಗಿತ್ತೆಂಬುದನ್ನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಬಲ್ಲರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನು ಇನ್ನೊಂದು ಕಡೆ ಸೋತಿದ್ದೀನಿ ತಾತ, ಅದನ್ನು ನೋಡೋಣ್ವಾ?” ಎಂದಳು.

ಇಬ್ಬರೂ ಆ ಐದನೆಯ ನಡೆಯ ಮುಂದೆ ಮಧ್ಯಾಹ್ನದ ಊಟದವರೆಗೂ ಕುಳಿತರು. ಮೇಷ್ಟರಿಗೆ ಈ ವರಸೆಯ ಪರಿಚಯವಿರಲಿಲ್ಲ. ಅದನ್ನು ಮೊದಲೇ ಹೇಳಿದರು. ಕುದುರೆಯಿಂದ ಹೊಡೆದರೆ ಏನಾಗುವುದೆಂಬುದನ್ನು ಅವಳು ನಡೆಸಿ ತೋರಿಸಿದಳು. ಹೊಡೆಯದಿದ್ದರೆ? ಬಿಳಿಯ ಬಲವೆಲ್ಲ ಆ ಒಂಟೆಯಲ್ಲಿದೆ. ಅದನ್ನು ಅಲ್ಲಿಂದ ಎಬ್ಬಿಸುವ ಬಗೆ ಯಾವುದು? ಒಂದೊಂದೇ ಕಾಯಿಯನ್ನು ಎತ್ತಿ ನೋಡಿದರು. ಕೊನೆಗೆ ಉಳಿದುದು, ಕಪ್ಪಿನ ಇನ್ನೊಂದು ಕುದುರೆಯನ್ನು ಮಣೆಯ ಅಂಚಿಗೆ ಕಳುಹಿಸಿ ಒಂಟೆಯ ಮೇಲೆ ಬೀಳಿಸುವ ನಡೆ. ಮೇಷ್ಟರು ಕೈ ಹಿಂದಕ್ಕೆ ತೆಗೆದರು. ನಡುವೆ ನಿಂತ ಕುದುರೆಗೆ ಎಂಟು ಮನೆಗಳ ಮೇಲೆ ಅಧಿಕಾರ, ಅಂಚಿಗೆ ಹೋದದ್ದಕ್ಕೆ ಹೆಚ್ಚೆಂದರೆ ನಾಲ್ಕು. ಕುದುರೆಯನ್ನು ಅಂಚಿಗೆ ಒಯ್ಯಬಾರದೆಂಬುದು ಜಗಲಿಯ ಕಾಲದಿಂದ ಅವರು ಹೇಳಿಕೊಂಡು ಬಂದ ಸೂತ್ರ. ಯಂತ್ರವೂ ಅದನ್ನೇ ಹೇಳಿತ್ತೆಂದು ಹುಡುಗಿ ನೆನಪುಮಾಡಿದಳು. ಸೂತ್ರ ಹೇಳುವುದು ಹಾಗೆ; ಎದುರಿಗಿರುವ ಮಣೆ ಹೇಳುವುದು ಹೀಗೆ. ಊಟವಾದ ಮೇಲೆ ಮೊಬೈಲಿನಲ್ಲಿ ಲೆಕ್ಕದ ಯಂತ್ರವನ್ನು ಕೇಳಿದರು. ಅಂಚಿಗೆ ಹೋಗುವ ಕುದುರೆಯನ್ನೇ ಅದು ಮೇಲಕ್ಕೆ ಇಟ್ಟಿತು. ಮೇಷ್ಟರು ಮಗುವಿನಂತೆ ತೊಡೆ ತಟ್ಟಿಕೊಂಡರು.

ಅಂದಿನಿಂದ ಅವಳು ಮಾತಿನ ಯಂತ್ರವನ್ನು ಬಿಟ್ಟಳೆಂದು ಯಾರೂ ಭಾವಿಸಬಾರದು. ಅದನ್ನು ಇಂದಿಗೂ ಕೇಳುತ್ತಾಳೆ. ಆದರೆ ಒಂದು ಉದ್ದನೆಯ ನೋಟುಪುಸ್ತಕದಲ್ಲಿ ನಡುವೆ ಗೆರೆ ಎಳೆದು, ಎಡಗಡೆಗೆ ಯಂತ್ರ ಹೇಳಿದುದನ್ನೂ ಬಲಗಡೆಗೆ ಮಣೆಯ ಮೇಲೆ ಕಂಡುದನ್ನೂ ಬರೆಯುತ್ತಾಳೆ. ಎರಡೂ ಒಂದೇ ಆಗಿರುವ ಪುಟಗಳೇ ಹೆಚ್ಚು. ಒಂದಾಗದ ಪುಟಗಳಿಂದ ಅವಳು ಕಲಿತುದು ಹೆಚ್ಚು.

ಈ ಪುಸ್ತಕದ ಒಂದು ಪುಟ ಮೇಷ್ಟರಿಗೆ ಬಹಳ ಪ್ರಿಯ. ‘ಇಂಡಿಯನ್’ ಎಂಬ ಹೆಸರಿನ ವರಸೆಗಳು ಎಲ್ಲಿಂದ ಬಂದುವೆಂದು ಅವಳು ಒಮ್ಮೆ ಯಂತ್ರವನ್ನು ಕೇಳಿದಳು. 19ನೆಯ ಶತಮಾನದ ನಡುವಿನಲ್ಲಿ ಕಲಕತ್ತೆಯಲ್ಲಿದ್ದ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರು, ಮಹೇಶಚಂದ್ರ ಬಂದ್ಯೋಪಾಧ್ಯಾಯ ಎಂಬ ಬಂಗಾಳದ ಆಟಗಾರನೊಡನೆ ನೂರಾರು ಆಟಗಳನ್ನಾಡಿ ಬರೆದಿಟ್ಟನು; ಮಹೇಶಚಂದ್ರನು ಕಾಲಾಳುಗಳನ್ನು ಒಂದೊಂದೇ ಮನೆ ನಡೆಸಿ ಒಂಟೆಯನ್ನು ಮಗ್ಗುಲಲ್ಲಿ ಅಡಗಿಸಿಡುತ್ತಿದ್ದನು; ಇಂದು ಜಗತ್ತಿನ ದೊಡ್ಡ ಆಟಗಾರರು ಆಡುವ ಕಿಂಗ್ಸ್ ಇಂಡಿಯನ್ ಮೊದಲಾದ ವರಸೆಗಳ ಮೂಲ ಅಲ್ಲಿದೆ ಎಂದಿತು. ಈ ಸಲ ಅವಳು ಸುಮ್ಮನೆ ನಂಬಲಿಲ್ಲ. ಬೇರೆ ಕಡೆಗಳಲ್ಲಿಯೂ ಹುಡುಕಿದಳು. ಮಾತು ನಿಜವಾಗಿತ್ತು. ಕಾಲಾಳು ಒಂದೇ ಮನೆ ನಡೆಯಬೇಕೆಂಬ ದೇಶೀ ಕ್ರಮದಲ್ಲಿ ಬೆಳೆದವನ ಕೈಗೆ ಆ ವರಸೆ ಸಹಜವಾಗಿತ್ತು.

ಮೇಷ್ಟರು ಅದನ್ನು ಕೇಳಿ ಬಹಳ ಹೊತ್ತು ಮಣೆಯನ್ನೇ ನೋಡುತ್ತಿದ್ದರು. ಅರಕಲಗೂಡಿನ ಜಗಲಿಯ ಮೇಲೆ ತಮ್ಮ ತಾತ ಕಟ್ಟುತ್ತಿದ್ದ ಕೋಟೆಯೂ ಅದೇ: ಮುಂದೆ ಒಂದೊಂದೇ ಹೆಜ್ಜೆಯ ಕಾಲಾಳುಗಳು, ಮೂಲೆಯಲ್ಲಿ ರಾಜ. ಕುದುರೆಯಂತೆ ಹಾರಿ ಅವನು ಸೇರುತ್ತಿದ್ದ ಆ ಮೂಲೆಗೇ ಈಗ ಕ್ಯಾಸ್ಲಿಂಗಿನಿಂದ ಸೇರುತ್ತಾನೆ. ದಾರಿ ಬೇರೆಯಾಯಿತು, ಮನೆ ಅದೇ. ಮೊಮ್ಮಗಳು ಅವರಿಗೆ ಮತ್ತೊಬ್ಬನ ಕಥೆಯನ್ನೂ ಓದಿ ಹೇಳಿದಳು. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಎಂಬಾತ ದೇಶೀ ಕ್ರಮದಲ್ಲಿ ಕಲಿತು, 1929ರಲ್ಲಿ ಇಂಗ್ಲೆಂಡಿಗೆ ಹೋದ ವರ್ಷವೇ ಅಲ್ಲಿನ ಚಾಂಪಿಯನ್ ಆದನು. ಓಪನಿಂಗುಗಳ ಪುಸ್ತಕಜ್ಞಾನ ಅವನಿಗೆ ಅಷ್ಟಾಗಿ ಇರಲಿಲ್ಲ. ಆದರೂ ಹಿಂದಿನ ಜಗಜ್ಜೇತ ಕಾಪಾಬ್ಲಾಂಕನನ್ನು ಹೇಸ್ಟಿಂಗ್ಸಿನಲ್ಲಿ ಸೋಲಿಸಿದನು. 1932ರಲ್ಲಿಯೂ 1933ರಲ್ಲಿಯೂ ಮತ್ತೆ ಗೆದ್ದು ಊರಿಗೆ ಹಿಂದಿರುಗಿ ಮರೆಯಾದನು. ಗ್ರ್ಯಾಂಡ್‌ಮಾಸ್ಟರ್ ಗೌರವ ಅವನ ಹೆಸರಿಗೆ ಬಂದುದು 2024ರಲ್ಲಿ, ಸತ್ತು ಎಷ್ಟೋ ವರ್ಷಗಳಾದ ಮೇಲೆ. ಮೇಷ್ಟರು ಇದಕ್ಕೆ, “ಅವನು ಹೊಸ ನಿಯಮ ಕಲಿತು ಹೋದ ಪುಟ್ಟಿ, ನಾನು ಕಲಿಯದೆ ನಿನ್ನ ಕಳಿಸಿದೆ” ಎಂದಷ್ಟೇ ಅಂದರು. ಆದರೆ ಈ ಸಲ ನಗುತ್ತ ಅಂದರು.

ಅಂದು ಸಂಜೆ ಅವರೇ ಮಗಳನ್ನೂ ಮೊಮ್ಮಗಳನ್ನೂ ಸ್ಟೇಷನ್ನಿಗೆ ಕರೆದೊಯ್ದರು. ಅರಸೀಕೆರೆಯ ಕಡೆಯ ಗಾಡಿ ತಡವಾಗಿತ್ತು. ಹುಡುಗಿ ಬೆಂಚಿನ ಮೇಲೆ ಸಣ್ಣ ಮಡಿಸುವ ಮಣೆಯನ್ನು ಹರಡಿ, ಕಿಂಗ್ಸ್ ಇಂಡಿಯನ್ ವರಸೆಯಲ್ಲಿ ಎಂಟನೆಯ ನಡೆಯ ಹೊತ್ತಿಗೆ ನಿಂತ ಒಂದು ಸ್ಥಿತಿಯನ್ನು ಜೋಡಿಸಿ, ಇಲ್ಲಿ ನಡುವಣ ಕಾಲಾಳನ್ನು ತಳ್ಳಬೇಕೋ ಕಾಯಬೇಕೋ ಎಂದು ಕೇಳಿದಳು. ಮೇಷ್ಟರು ಕನ್ನಡಕವನ್ನು ಒರಸಿಕೊಂಡು ನೋಡಿದರು. ಗಾಡಿಯ ಕೂಗು ಕೇಳಿಸಿತು.

“ಗೊತ್ತಿಲ್ಲ ಕಣಮ್ಮ” ಎಂದರು. “ಬರೋ ಭಾನುವಾರ ಮಣೆ ಹಾಕಿ ನೋಡೋಣ.”

ಅವಳು ಕಾಯಿಗಳನ್ನು ಡಬ್ಬಿಗೆ ಸುರಿದು, ನೋಟುಪುಸ್ತಕವನ್ನು ತೆಗೆದು, ಬಲಗಡೆಯ ಅಂಕಣದಲ್ಲಿ ಅಷ್ಟು ಜಾಗವನ್ನು ಬರಿದಾಗಿ ಬಿಟ್ಟು ಗಾಡಿ ಹತ್ತಿದಳು.